ಯಾನಪರಿಗ್ರಹ: ಮನೆಯ ಕಾರು ಮತ್ತು ಮನಸ್ಸಿನ ಮಮಕಾರ

ಬಾಹ್ಯ ಪರಿಗ್ರಹವು ಹತ್ತು ವಿಧವೆಂದು ಜೈನಾಚಾರ್ಯರು ಎಣಿಸಿದ್ದಾರೆ. ಆ ಎಣಿಕೆಯ ಒಂದು ಪ್ರಸಿದ್ಧ ಕ್ರಮದಲ್ಲಿ ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದ, ಯಾನ, ಶಯನಾಸನ, ಕುಪ್ಯ, ಭಾಂಡ ಎಂಬ ಹೆಸರುಗಳು ಬರುತ್ತವೆ. ಇವುಗಳ ನಡುವೆ ನಿಂತಿರುವ ‘ಯಾನ’ ಎಂಬ ಪದವು ಇಂದಿನ ಶ್ರಾವಕನ ಗಮನಕ್ಕೆ ವಿಶೇಷವಾಗಿ ಬರತಕ್ಕದ್ದು. ಎತ್ತು, ಕುದುರೆ, ಆನೆಗಳು ಚತುಷ್ಪದದಲ್ಲಿ ಸೇರಿಹೋಗುತ್ತವೆ. ಮರ ಮತ್ತು ಕಬ್ಬಿಣಗಳಿಂದಾದ ಬಂಡಿಯನ್ನು ಮನೆಯ ಇತರ ಸಾಮಾನುಗಳ ಜೊತೆಗೆ ಎಣಿಸಿ ಮುಗಿಸಬಹುದಾಗಿತ್ತು. ಆದರೂ ವಾಹನಕ್ಕೆ ಪ್ರತ್ಯೇಕವಾದ ಸ್ಥಾನವನ್ನೇ ಕೊಡಲಾಗಿದೆ. ಮನೆ ಇದ್ದಲ್ಲಿಯೇ ಇರುತ್ತದೆ. ಧಾನ್ಯ ಉಂಡು ತೀರುತ್ತದೆ. ಚಿನ್ನ ಪೆಟ್ಟಿಗೆಯಲ್ಲಿ ಅಡಗಿರುತ್ತದೆ. ವಾಹನವೊಂದೇ ಒಡೆಯನನ್ನು ಹೊತ್ತುಕೊಂಡು ನಾಲ್ಕು ಜನರ ಕಣ್ಣೆದುರಿಗೆ ಹೋಗುತ್ತದೆ. ಅದರ ವೇಗವನ್ನು ಅವನು ತನ್ನ ವೇಗವೆಂದೂ ಅದರ ಬಲವನ್ನು ತನ್ನ ಬಲವೆಂದೂ ಭಾವಿಸುವುದು ಸುಲಭ. ಆದುದರಿಂದ ಯಾನದ ಮೇಲಿನ ಮಮತೆಯನ್ನು ಬೇರೆಯಾಗಿಯೇ ವಿಚಾರಿಸುವುದು ಯುಕ್ತ.

ಮನೆಯಲ್ಲಿರುವ ಒಂದು ಕಾರನ್ನು ಮನುಷ್ಯನು ಪ್ರೀತಿಸುವುದು ದೋಷವೇ? ಅಥವಾ ಬಹುಕಾಲ ಸೇವೆ ಮಾಡಿದ ವಸ್ತುವಿನ ಬಗ್ಗೆ ತೋರುವ ಕೃತಜ್ಞತೆಯೇ? ಈ ಪ್ರಶ್ನೆ ಮೇಲುನೋಟಕ್ಕೆ ಸಣ್ಣದಾಗಿ ತೋರಬಹುದು. ಆದರೆ ಅಣುವ್ರತಗಳನ್ನು ಸ್ವೀಕರಿಸಿದ ಗೃಹಸ್ಥನಿಗೆ ಪರಿಗ್ರಹದ ಪರೀಕ್ಷೆ ನಡೆಯುವುದು ಇಂತಹ ಸಣ್ಣ ವಿಷಯಗಳಲ್ಲಿಯೇ. ಚಕ್ರವರ್ತಿಯ ಎಂಬತ್ತನಾಲ್ಕು ಲಕ್ಷ ಆನೆಗಳನ್ನೂ ಅಷ್ಟೇ ರಥಗಳನ್ನೂ ಹದಿನೆಂಟು ಕೋಟಿ ಕುದುರೆಗಳನ್ನೂ ತ್ಯಜಿಸುವ ಪ್ರಸಂಗ ಯಾವ ಶ್ರಾವಕನಿಗೂ ಒದಗುವುದಿಲ್ಲ; ಶೆಡ್ಡಿನಲ್ಲಿ ನಿಂತಿರುವ ಒಂದು ಗಾಡಿಯ ವಿಷಯದಲ್ಲಿ ನಿರ್ಧಾರ ಕೈಗೊಳ್ಳುವ ಪ್ರಸಂಗ ಒದಗುತ್ತದೆ.

ಮಮತೆ ಬೆಳೆಯುವ ಬಗೆ

ಕೊಳ್ಳೇಗಾಲ, ಯಳಂದೂರು ಮತ್ತು ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು, ಈ ಮೂರು ಊರುಗಳ ಉದಾಹರಣೆಯನ್ನು ತೆಗೆದುಕೊಳ್ಳಬಹುದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಒಂದು ಕಡೆ ಕಾವೇರಿ, ಮತ್ತೊಂದು ಕಡೆ ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಕಾಡು. ಈ ಮೂರು ಊರುಗಳಿಗೂ ರೈಲುಮಾರ್ಗ ಬರಲಿಲ್ಲ. ರೇಷ್ಮೆಯ ವ್ಯವಹಾರಕ್ಕೆ ಹೋಗುವವನು, ಹೆರಿಗೆಯ ನೋವಿನಲ್ಲಿರುವ ಹೆಂಗಸನ್ನು ಮೈಸೂರಿನ ಆಸ್ಪತ್ರೆಗೆ ಸಾಗಿಸಬೇಕಾದವನು, ಶ್ರವಣಬೆಳಗೊಳಕ್ಕೋ ಕನಕಗಿರಿಗೋ ವೃದ್ಧ ತಾಯಿಯನ್ನು ಕರೆದೊಯ್ಯಬೇಕಾದವನು, ಎಲ್ಲರೂ ರಸ್ತೆಯನ್ನೇ ನಂಬಬೇಕಾಗಿತ್ತು. ಇಂತಹ ಸೀಮೆಯಲ್ಲಿ ಕಾರು ಕೇವಲ ಭೋಗವಸ್ತುವಾಗಿರಲಿಲ್ಲ. ಹನೂರಿನ ಆಚೆಯ ಹಳ್ಳಿಯೊಂದರಲ್ಲಿ ಅಪರಾತ್ರಿಯಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ಊರಿನಲ್ಲಿ ಒಂದು ಕಾರು ಇದೆಯೇ ಇಲ್ಲವೇ ಎಂಬುದರ ಮೇಲೆ ಪ್ರಾಣ ಉಳಿಯುವುದೋ ಹೋಗುವುದೋ ನಿಂತಿರುತ್ತಿತ್ತು.

ಅಂದಿನ ಕಾಲದಲ್ಲಿ ಕಾರು ದೊರೆಯುವುದೂ ಸುಲಭವಾಗಿರಲಿಲ್ಲ. ಅಂಬಾಸಿಡರ್ ಮತ್ತು ಫಿಯಟ್ ಎಂಬ ಎರಡು ಹೆಸರುಗಳೇ ಹೆಚ್ಚಾಗಿ ಕೇಳಿಬರುತ್ತಿದ್ದುವು. ಹಣವಿದ್ದರೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಫಿಯಟ್ ಗಾಡಿಗೆ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂದಿತು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲನೆಯ ಮಾರುತಿ 800 ಕಾರಿನ ಕೀಲಿಕೈಯನ್ನು ಅದನ್ನು ಕೊಂಡ ದೆಹಲಿಯ ನಾಗರಿಕರ ಕೈಗಿತ್ತರು. ಆ ಗೃಹಸ್ಥರು 2010ರಲ್ಲಿ ತೀರಿಕೊಳ್ಳುವವರೆಗೂ ಅದೇ ಕಾರನ್ನು ಇಟ್ಟುಕೊಂಡಿದ್ದರು. ಪದ್ಮಿನಿಯ ತಯಾರಿಕೆ 2000ದ ಸುಮಾರಿಗೆ ನಿಂತಿತು. ಅಂಬಾಸಿಡರ್ ಮತ್ತು ಮಾರುತಿ 800 ಎರಡೂ 2014ರಲ್ಲಿ ನಿಂತುಹೋದುವು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ಕಪ್ಪು ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳು ಮರೆಯಾದಾಗ, ಒಂದನ್ನಾದರೂ ಪ್ರದರ್ಶನಕ್ಕಾಗಿ ಉಳಿಸಬೇಕೆಂದು ಕೇಳಿಕೊಂಡವರಿದ್ದರು. ಯಂತ್ರವೊಂದು ಸಂದುಹೋದುದಕ್ಕೆ ಬಂಧುವನ್ನು ಕಳೆದುಕೊಂಡಂತೆ ಜನರು ಮರುಗಿದರು.

ಈ ಮಮತೆಯ ಕಾರಣಗಳನ್ನು ಬಿಡಿಸಿ ನೋಡಿದರೆ ನಾಲ್ಕು ಎಳೆಗಳು ಕಾಣುತ್ತವೆ. ಮೊದಲನೆಯದು ಶ್ರಮ: ಹತ್ತು ವರ್ಷ ಅಂಗಡಿಯಲ್ಲಿ ದುಡಿದು ಕೂಡಿಟ್ಟ ಹಣ ಆ ಗಾಡಿಯ ರೂಪವನ್ನು ತಳೆದಿರುತ್ತದೆ. ಎರಡನೆಯದು ನಿರೀಕ್ಷೆ: ಬಹುದಿನ ಕಾದು ಪಡೆದುದು ಸುಲಭವಾಗಿ ಪಡೆದುದಕ್ಕಿಂತ ಹೆಚ್ಚು ಪ್ರಿಯವಾಗುತ್ತದೆ. ಮೂರನೆಯದು ಪರಿಚಯ: ಬೆಳಗಿನ ಚಳಿಯಲ್ಲಿ ಎಷ್ಟು ಸಲ ಯತ್ನಿಸಿದರೆ ಅದು ಚಾಲೂ ಆಗುವುದು, ಏರಿನಲ್ಲಿ ಯಾವ ಸದ್ದು ಮಾಡುವುದು ಎಂಬುದು ಒಡೆಯನಿಗೊಬ್ಬನಿಗೇ ಗೊತ್ತು, ದೋಷಗಳನ್ನು ಬಲ್ಲವನಿಗೆ ಆ ವಸ್ತು ತನ್ನದೆನಿಸುತ್ತದೆ. ನಾಲ್ಕನೆಯದು ನೆನಪು: ಮದುವೆಯ ದಿಬ್ಬಣ, ಮಗುವಿನೊಡನೆ ಆಸ್ಪತ್ರೆಯಿಂದ ಮರಳಿದ ದಿನ, ಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿಬಂದದ್ದು, ಇವೆಲ್ಲವೂ ಆ ಹಿಂದಿನ ಸೀಟಿನಲ್ಲಿಯೇ ಕುಳಿತಿರುವಂತೆ ತೋರುತ್ತವೆ.

ಇವುಗಳಾವುವೂ ಇಲ್ಲದಿದ್ದರೂ, ‘ನನ್ನದು’ ಎಂಬ ಒಂದೇ ಭಾವನೆ ವಸ್ತುವಿನ ಬೆಲೆಯನ್ನು ಮನಸ್ಸಿನಲ್ಲಿ ಏರಿಸಬಲ್ಲುದೆಂಬುದನ್ನು ಆಧುನಿಕ ಶೋಧಕರೂ ಕಂಡುಕೊಂಡಿದ್ದಾರೆ. ಡೇನಿಯಲ್ ಕಾನಮನ್, ಜಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಸಾಧಾರಣವಾದ ಕಾಫಿ ಬಟ್ಟಲುಗಳನ್ನು ಕೊಡಲಾಯಿತು, ಉಳಿದವರಿಗೆ ಕೊಡಲಿಲ್ಲ. ಬಟ್ಟಲು ಪಡೆದವರು ಅದನ್ನು ಮಾರಲು ಕೇಳಿದ ಬೆಲೆ, ಪಡೆಯದವರು ಕೊಳ್ಳಲು ಒಪ್ಪಿದ ಬೆಲೆಯ ಎರಡು ಪಟ್ಟಿಗಿಂತಲೂ ಹೆಚ್ಚಾಗಿತ್ತು. ಸ್ವಲ್ಪ ಹೊತ್ತಿನ ಒಡೆತನಕ್ಕೇ ಇಷ್ಟು ಬಲವಿದ್ದರೆ, ಮೂವತ್ತು ವರ್ಷ ಜೊತೆಯಲ್ಲಿದ್ದ ಗಾಡಿಯ ವಿಷಯದಲ್ಲಿ ಹೇಳತಕ್ಕದ್ದೇನು?

ಮೂರ್ಛೆಯೆಂಬುದರ ಅರ್ಥ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಗ್ರಹವನ್ನು ವಸ್ತುವಿನಿಂದ ಲಕ್ಷಣಿಸದೆ ಮೂರ್ಛೆಯಿಂದ ಲಕ್ಷಣಿಸುತ್ತದೆ. ಈ ಗ್ರಂಥಕ್ಕೆ ಸರ್ವಾರ್ಥಸಿದ್ಧಿಯೆಂಬ ವೃತ್ತಿಯನ್ನು ರಚಿಸಿದ ಪೂಜ್ಯಪಾದಾಚಾರ್ಯರ ಸ್ಮರಣೆಯನ್ನು ಇದೇ ಚಾಮರಾಜನಗರ ಸೀಮೆಯ ಕನಕಗಿರಿ ಕ್ಷೇತ್ರವು ಭಕ್ತಿಯಿಂದ ಉಳಿಸಿಕೊಂಡು ಬಂದಿದೆ. ಬಾಹ್ಯ ವಸ್ತುಗಳನ್ನೂ ಒಳಗಿನ ರಾಗಾದಿಗಳನ್ನೂ ಗಳಿಸುವ, ಕಾಯುವ, ಸಂಸ್ಕರಿಸುವ ವ್ಯಾಪಾರದಲ್ಲಿ ಮುಳುಗುವುದೇ ಮೂರ್ಛೆಯೆಂದು ಅವರು ವಿವರಿಸುತ್ತಾರೆ. ಅಲ್ಲಿ ಒಂದು ಆಕ್ಷೇಪವನ್ನೂ ಎತ್ತಿಕೊಳ್ಳುತ್ತಾರೆ: ಮೂರ್ಛೆಯೇ ಪರಿಗ್ರಹವಾದರೆ ಹೊರಗಿನ ವಸ್ತು ಪರಿಗ್ರಹವಾಗುವುದಿಲ್ಲವಲ್ಲ? ಅದಕ್ಕೆ ಸಮಾಧಾನವೂ ಅಲ್ಲಿಯೇ ಇದೆ. ಪ್ರಧಾನವಾದುದು ಒಳಗಿನದೇ, ಹೊರಗೆ ಏನೂ ಇಲ್ಲದವನೂ ‘ಇದು ನನ್ನದು’ ಎಂಬ ಸಂಕಲ್ಪವುಳ್ಳವನಾದರೆ ಪರಿಗ್ರಹಿಯೇ ಸರಿ. ಆದರೆ ಹೊರಗಿನ ವಸ್ತು ಆ ಸಂಕಲ್ಪಕ್ಕೆ ಕಾರಣವಾಗುವುದರಿಂದ ಅದನ್ನೂ ಪರಿಗ್ರಹವೆನ್ನುತ್ತಾರೆ.

ಈ ಸಮಾಧಾನದಿಂದ ಎರಡು ಅಭಿಪ್ರಾಯಗಳು ಹೊರಡುತ್ತವೆ. ಎರಡನ್ನೂ ಜೊತೆಯಾಗಿಯೇ ಹಿಡಿಯಬೇಕು. ಒಂದು, ಕಾರು ಇಲ್ಲದಿರುವ ಮಾತ್ರಕ್ಕೆ ಯಾರೂ ನಿಷ್ಪರಿಗ್ರಹಿಯಾಗುವುದಿಲ್ಲ. ನೆರೆಮನೆಯ ಹೊಸ ಗಾಡಿಯನ್ನು ಕಂಡು ರಾತ್ರಿ ನಿದ್ರೆ ಬಾರದವನ ಶೆಡ್ಡು ಬರಿದಾಗಿದ್ದರೂ ಮನಸ್ಸು ತುಂಬಿದೆ. ಎರಡು, ‘ನನಗೆ ಇದರಲ್ಲಿ ಮೋಹವಿಲ್ಲ, ಸುಮ್ಮನೆ ಇಟ್ಟುಕೊಂಡಿದ್ದೇನೆ’ ಎಂದು ನಾಲ್ಕು ಕಾರುಗಳ ಒಡೆಯನು ಹೇಳುವ ಮಾತನ್ನು ಸುಲಭವಾಗಿ ಒಪ್ಪಲಾಗದು. ಬೆಂಕಿಯ ಬಳಿ ಬೆಣ್ಣೆಯಿಟ್ಟು ಕರಗಿಲ್ಲವೆಂದರೆ ನಂಬುವವರಾರು?

ಇಲ್ಲಿ ದ್ರವ್ಯವಿಚಾರವೂ ನೆರವಿಗೆ ಬರುತ್ತದೆ. ಕಾರು ಎಂಬುದು ಪುದ್ಗಲದ ಒಂದು ಪರ್ಯಾಯ. ಗಣಿಯ ಅದಿರು ಉಕ್ಕಾಯಿತು, ಉಕ್ಕು ಕಾರಾಯಿತು, ಕಾರು ತುಕ್ಕಾಗುತ್ತದೆ ಅಥವಾ ಕುಲುಮೆಗೆ ಹೋಗಿ ಮತ್ತೊಂದಾಗುತ್ತದೆ. ಉತ್ಪಾದ, ವ್ಯಯ, ಧ್ರೌವ್ಯಗಳ ಈ ನಿಯಮಕ್ಕೆ ಯಾವ ಪ್ರಿಯ ವಸ್ತುವೂ ಹೊರತಲ್ಲ. ಅದೇ ಕಾರಿನಲ್ಲಿ ಕುಳಿತು ಪಡೆದ ಅನುಭವ, ಅದರ ಸ್ಮೃತಿ, ಅದರಿಂದ ಮೂಡಿದ ಕೃತಜ್ಞತೆ, ಇವು ಜೀವಕ್ಕೆ ಸೇರಿದುವು, ಕಬ್ಬಿಣಕ್ಕೆ ಸೇರಿದುವಲ್ಲ. ನೆನಪು ಗಾಡಿಯೊಳಗೆ ವಾಸಿಸುತ್ತದೆಂದು ತಿಳಿಯುವುದು ಜೀವದ ಧರ್ಮವನ್ನು ಅಜೀವದ ಮೇಲೆ ಆರೋಪಿಸುವುದಾಗುತ್ತದೆ. ಗಾಡಿಯನ್ನು ಕಳೆದುಕೊಂಡರೆ ನೆನಪೂ ಹೋಗುತ್ತದೆ ಎಂಬ ಭಯದ ಬೇರು ಈ ಭ್ರಾಂತಿಯಲ್ಲಿದೆ.

ಪ್ರೀತಿಯಿಲ್ಲದಿರುವುದು ವೈರಾಗ್ಯವಲ್ಲ

ಆದರೆ ಇಷ್ಟಕ್ಕೇ ಹಳೆಯ ಕಾರನ್ನು ಪ್ರೀತಿಸುವವನನ್ನು ದೂಷಿಸಿ ಮುಗಿಸಿದರೆ ನ್ಯಾಯವಾಗದು. ಇಂದು ಮೂರು ನಾಲ್ಕು ವರ್ಷಗಳಿಗೊಮ್ಮೆ ಗಾಡಿಯನ್ನು ಬದಲಾಯಿಸುವ ರೂಢಿ ಸಣ್ಣ ಊರುಗಳಿಗೂ ಬಂದಿದೆ. ಹೀಗೆ ಬದಲಾಯಿಸುವವನಿಗೆ ಯಾವ ಗಾಡಿಯ ಮೇಲೂ ಮಮತೆಯಿಲ್ಲ. ಕೊಟ್ಟು ಹೊರಡುವಾಗ ಅವನು ಹಿಂತಿರುಗಿ ನೋಡುವುದಿಲ್ಲ. ಇದನ್ನು ಅನಾಸಕ್ತಿಯೆಂದು ಕರೆಯಲು ಸಾಧ್ಯವೇ? ಅವನ ಮೂರ್ಛೆ ಇರುವ ವಸ್ತುವನ್ನು ಬಿಟ್ಟು ಇನ್ನೂ ಬಾರದ ವಸ್ತುವಿನ ಮೇಲೆ ಹೋಗಿ ಕುಳಿತಿದೆ, ಅಷ್ಟೇ. ಅಣುವ್ರತಕ್ಕೆ ‘ಇಚ್ಛಾಪರಿಮಾಣ’ವೆಂಬ ಹೆಸರನ್ನೂ ಆಚಾರ್ಯರು ಇಟ್ಟಿರುವುದು ಇದಕ್ಕಾಗಿಯೇ, ಮಿತಿಯನ್ನು ಹಾಕಬೇಕಾದುದು ಇಚ್ಛೆಗೆ. ಇಪ್ಪತ್ತೈದು ವರ್ಷ ಒಂದೇ ಗಾಡಿಯನ್ನು ದುರಸ್ತಿ ಮಾಡಿಸಿಕೊಂಡು, ಅದರಲ್ಲಿಯೇ ತೃಪ್ತನಾಗಿ, ಮತ್ತೊಂದನ್ನು ಬಯಸದಿರುವ ಗೃಹಸ್ಥನು ತನಗೆ ತಿಳಿಯದೆಯೇ ವ್ರತದ ಸಮೀಪದಲ್ಲಿದ್ದಾನೆ. ಹೊಸದೊಂದನ್ನು ತಯಾರಿಸಲು ಬೇಕಾದ ಅದಿರು, ಬೆಂಕಿ, ನೀರುಗಳ ಆರಂಭಹಿಂಸೆಯಲ್ಲಿ ಅವನ ಪಾಲು ಅಷ್ಟರ ಮಟ್ಟಿಗೆ ಕಡಿಮೆಯಾಗಿದೆ. ಅದೇ ಹಳೆಯ ಗಾಡಿ ಕರಿಹೊಗೆಯುಗುಳುತ್ತ ಓಡಿದರೆ ಆ ಲಾಭವು ಕಳೆದುಹೋಗುತ್ತದೆಂಬುದನ್ನೂ ಮರೆಯಬಾರದು.

ಹಾಗಾದರೆ ಮಿತಿ ಮೀರಿದುದೆಂದು ಅರಿಯುವ ಬಗೆ ಹೇಗೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಹೇಳಿರುವ ಐದು ಅತಿಚಾರಗಳು ಇಲ್ಲಿ ಆಶ್ಚರ್ಯಕರವಾಗಿ ಹೊಂದಿಕೊಳ್ಳುತ್ತವೆ. ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ ಎಂಬಿವೇ ಆ ಐದು. ಅತಿವಾಹನವೆಂದರೆ ಲಾಭದ ಆಸೆಯಿಂದ ಎತ್ತು ಮೊದಲಾದುವನ್ನು ಅವುಗಳ ಶಕ್ತಿಯನ್ನು ಮೀರಿ ದೂರ ಓಡಿಸುವುದು. ಇಂದು ಎತ್ತಿನ ಸ್ಥಾನದಲ್ಲಿ ಯಂತ್ರವಿದೆ, ಯಂತ್ರಕ್ಕೆ ನೋವಿಲ್ಲ. ಆದರೆ ಸಂಬಳದ ಚಾಲಕನಿಗೆ ನೋವಿದೆ. ಹಗಲಿಡೀ ಓಡಿಸಿದವನನ್ನು ರಾತ್ರಿಯೂ ನಿದ್ರೆಯಿಲ್ಲದೆ ಬೆಂಗಳೂರಿಗೆ ಹೋಗಿಬರುವಂತೆ ಆಜ್ಞಾಪಿಸುವ ಒಡೆಯನು ಅತಿವಾಹನದ ದೋಷದಿಂದ ತಪ್ಪಿಸಿಕೊಳ್ಳಲಾರನು. ಅತಿಸಂಗ್ರಹವು ಅಗತ್ಯವನ್ನು ಮೀರಿ ಕೂಡಿಡುವುದು. ಒಬ್ಬರಿಗೆ ಒಂದರಂತೆ ಕಾರುಗಳು ಅಂಗಳದಲ್ಲಿ ಬಿಸಿಲು ಕಾಯುತ್ತ ನಿಂತಿರುವುದನ್ನು ಇದರಲ್ಲಿ ಎಣಿಸಬಹುದು. ಅತಿವಿಸ್ಮಯವು ಇತರರ ಸಂಪತ್ತನ್ನು ಕಂಡು ಬೆರಗಾಗಿ ಮನಸ್ಸು ಕದಡಿಕೊಳ್ಳುವುದು. ಮದುವೆಯ ಛತ್ರದ ಮುಂದೆ ಸಾಲಾಗಿ ನಿಂತ ಗಾಡಿಗಳ ನಡುವೆ ತನ್ನದು ಚಿಕ್ಕದೆಂದು ನಾಚುವವನಲ್ಲಿ ಇದು ಕಾಣುತ್ತದೆ. ಅತಿಲೋಭವು ದೊರೆತುದರಲ್ಲಿ ತೃಪ್ತಿಯಿಲ್ಲದಿರುವುದು. ಅತಿಭಾರವಹನದ ಅರ್ಥವನ್ನು ಎಂಟು ಜನರ ಗಾಡಿಯಲ್ಲಿ ಹದಿನೈದು ಜನರನ್ನು ತುಂಬಿ ಬೆಟ್ಟದ ತಿರುವುಗಳನ್ನು ಹತ್ತಿಸುವವರಿಗೆ ಬೇರೆಯಾಗಿ ಬಿಡಿಸಿ ಹೇಳಬೇಕಾಗಿಲ್ಲ. ಗಮನಿಸತಕ್ಕ ಅಂಶವೆಂದರೆ, ಈ ಐದರಲ್ಲಿ ಎರಡು ನೇರವಾಗಿ ವಾಹನಕ್ಕೂ ಹೊರೆಗೂ ಸಂಬಂಧಿಸಿವೆ. ಒಡೆಯನ ಲೋಭವನ್ನು ಹೊರುವವರು ಬೇರೆಯವರು ಎಂಬ ಕರುಣೆಯ ದೃಷ್ಟಿ ಇದರ ಹಿಂದಿದೆ.

ವೇಗದ ವ್ಯಾಮೋಹ

ಕಾರಿನ ಮೇಲಿನ ಪ್ರೀತಿಯಲ್ಲಿ ವೇಗದ ಮೇಲಿನ ಪ್ರೀತಿಯೂ ಸೇರಿರುತ್ತದೆ. ಅಲ್ಲಿ ಪರಿಗ್ರಹದ ಪ್ರಶ್ನೆ ಹಿಂಸೆಯ ಪ್ರಶ್ನೆಯಾಗಿ ಮಾರ್ಪಡುತ್ತದೆ. ಈ ಜಿಲ್ಲೆಯ ರಸ್ತೆಗಳು ಕಾಡಿನ ಮೂಲಕ ಹಾದುಹೋಗುತ್ತವೆ. ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಇದೇ ಜಿಲ್ಲೆಯ ಬಂಡೀಪುರದಲ್ಲಿ ರಾತ್ರಿಯ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ, 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಹೆದ್ದಾರಿಗಳ ಸಂಚಾರವನ್ನು ನಿಷೇಧಿಸಲಾಯಿತು. 2010ರಲ್ಲಿ ಹೈಕೋರ್ಟು ಆ ನಿಷೇಧವನ್ನು ಎತ್ತಿಹಿಡಿಯಿತು. ಕಾನೂನು ಕಾಡಿನ ಒಂದೆರಡು ರಸ್ತೆಗಳಿಗೆ ಮಾತ್ರ ಅನ್ವಯಿಸುತ್ತದೆ. ಶ್ರಾವಕಧರ್ಮವು ಎಲ್ಲ ರಸ್ತೆಗಳಿಗೂ ಅನ್ವಯಿಸುತ್ತದೆ. ಮುನಿಗಳು ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ ಹೆಜ್ಜೆಯಿಡುವ ಈರ್ಯಾಸಮಿತಿಯನ್ನು ಪಾಲಿಸುತ್ತಾರೆ. ಗಾಡಿಯಲ್ಲಿ ಹೋಗುವ ಗೃಹಸ್ಥನಿಗೆ ಅದು ಆ ರೂಪದಲ್ಲಿ ಅಸಾಧ್ಯ. ಆದರೆ ಸಂಜೆಯ ನಂತರದ ಅನಗತ್ಯ ಪ್ರಯಾಣವನ್ನು ಬಿಡುವುದು, ಕಾಡುದಾರಿಯಲ್ಲಿ ನಿಧಾನಿಸುವುದು, ತನ್ನ ಗಾಡಿಯ ವೇಗವನ್ನು ಇತರರಿಗೆ ತೋರಿಸುವ ಚಪಲವನ್ನು ಅಡಗಿಸುವುದು ಅವನಿಗೆ ಸಾಧ್ಯ. ನೇಮಿನಾಥಸ್ವಾಮಿಯು ಮದುವೆಯ ದಿಬ್ಬಣದಲ್ಲಿ ಕಟ್ಟಿಹಾಕಿದ ಮೂಕಪ್ರಾಣಿಗಳನ್ನು ಕಂಡು ರಥವನ್ನೇ ಹಿಂತಿರುಗಿಸಿದನು. ರಥವು ಅವನ ಅಧೀನದಲ್ಲಿತ್ತು. ಅವನು ರಥದ ಅಧೀನದಲ್ಲಿರಲಿಲ್ಲ.

ಸಂಗ್ರಹವು ಲೋಕಕ್ಕೆ ತೆರೆದಾಗ

ಕಾರುಗಳ ಮೇಲಿನ ಪ್ರೀತಿಯು ಖಾಸಗಿ ಮಮಕಾರವಾಗಿ ಉಳಿಯದೆ ಬೇರೆ ರೂಪವನ್ನು ತಾಳಬಹುದೆಂಬುದಕ್ಕೆ ಜೈನ ಸಮಾಜದಲ್ಲಿಯೇ ನಿದರ್ಶನವಿದೆ. ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಹಳೆಯ ಕಾರುಗಳನ್ನು ಕೂಡಿಸಿ, ದುರಸ್ತಿಗೊಳಿಸಿ, ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಯಾತ್ರಿಕರ ದರ್ಶನಕ್ಕೆ ಇರಿಸಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಶ್ರೀರಂಗಪಟ್ಟಣದ ಬಳಿ, ಬೆಂಗಳೂರು ಮೈಸೂರು ಹೆದ್ದಾರಿಯ ಪಕ್ಕದಲ್ಲಿ, ‘ಪಯಣ’ ಎಂಬ ಕಾರುಗಳ ಸಂಗ್ರಹಾಲಯವೂ ತೆರೆದಿದೆ. ಬೀಗ ಹಾಕಿದ ಶೆಡ್ಡಿನಲ್ಲಿ ಒಬ್ಬನ ಸಂತೋಷಕ್ಕಾಗಿ ಇರುವ ಗಾಡಿಗೂ, ಶಾಲೆಯ ಮಕ್ಕಳು ನೋಡಿ ಒಂದು ಕಾಲದ ಕುಶಲತೆಯನ್ನು ಅರಿಯುವ ಗಾಡಿಗೂ ಇರುವ ವ್ಯತ್ಯಾಸವು ಕಬ್ಬಿಣದಲ್ಲಿಲ್ಲ, ಉದ್ದೇಶದಲ್ಲಿದೆ. ಸರ್ಕಾರವು 2021ರಲ್ಲಿ ಐವತ್ತು ವರ್ಷ ಮೀರಿದ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯ ನಿಯಮವನ್ನು ಮಾಡಿ, ಪ್ರದರ್ಶನ ಮೊದಲಾದ ಉದ್ದೇಶಗಳಿಗಲ್ಲದೆ ನಿತ್ಯದ ಸಂಚಾರಕ್ಕೆ ಅವುಗಳನ್ನು ಬಳಸಬಾರದೆಂದು ಗೊತ್ತುಪಡಿಸಿರುವುದೂ ಈ ವಿವೇಕಕ್ಕೆ ಹತ್ತಿರವಾಗಿದೆ.

ಧರ್ಮಸ್ಥಳದ ಇನ್ನೊಂದು ಘಟನೆಯೂ ಸ್ಮರಣೀಯ. ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದ 39 ಅಡಿ ಎತ್ತರದ ಬಾಹುಬಲಿಮೂರ್ತಿಯನ್ನು 1973ರಲ್ಲಿ ಅನೇಕ ಚಕ್ರಗಳ ಭಾರೀ ವಾಹನದ ಮೇಲೆ ಧರ್ಮಸ್ಥಳಕ್ಕೆ ಸಾಗಿಸಲಾಯಿತು, 1982ರಲ್ಲಿ ಪ್ರತಿಷ್ಠೆಯಾಯಿತು. ದಾರಿಯುದ್ದಕ್ಕೂ ಜನರು ಕೈಮುಗಿದದ್ದು ವಾಹನಕ್ಕಲ್ಲ, ಅದು ಹೊತ್ತಿದ್ದ ತ್ಯಾಗಮೂರ್ತಿಗೆ. ಕೆಲಸ ಮುಗಿದ ಮೇಲೆ ವಾಹನವು ಹೊರಟುಹೋಯಿತು; ಮೂರ್ತಿಯು ನಿಂತಿತು.

ಈ ಪ್ರಸಂಗದಲ್ಲಿ ದೇವಸ್ಥಾನಗಳ ಟ್ರಸ್ಟುಗಳೂ ಆತ್ಮಪರೀಕ್ಷೆ ಮಾಡಿಕೊಳ್ಳಬೇಕಾದ ಒಂದು ವಿಷಯವಿದೆ. ಭಕ್ತರು ಬಸದಿಗೆ ವಾಹನವನ್ನು ದಾನವಾಗಿ ಕೊಡುವುದುಂಟು. ಸಂಘದ ಸಾಮಾನುಗಳನ್ನು ಸಾಗಿಸಲು, ತ್ಯಾಗಿಗಳ ವಿಹಾರದ ವ್ಯವಸ್ಥೆಯನ್ನು ನೋಡಿಕೊಳ್ಳಲು, ವೃದ್ಧ ಯಾತ್ರಿಕರನ್ನು ಕರೆತರಲು ಅದು ಉಪಯುಕ್ತ. ಆದರೆ ಕಾಲ ಕಳೆದಂತೆ ಅದು ಅಧ್ಯಕ್ಷರ ಗಾಡಿ, ಕಾರ್ಯದರ್ಶಿಗಳ ಗಾಡಿ ಎಂದು ಕರೆಯಲ್ಪಡತೊಡಗಿದರೆ ಅಲ್ಲಿ ಮೂರ್ಛೆ ಪ್ರವೇಶಿಸಿತೆಂದೇ ತಿಳಿಯಬೇಕು. ದೇವರಿಗೆ ಅರ್ಪಿತವಾದುದನ್ನು ಸ್ವಂತಕ್ಕೆ ಬಳಸುವುದು ಎರಡೂ ಸಂಪ್ರದಾಯಗಳಲ್ಲಿ ಗುರುತರವಾದ ದೋಷ. ತನ್ನ ಸ್ವಂತ ಕಾರಿನ ಮೇಲೆ ಮಮತೆಯಿಡುವವನು ಪರಿಗ್ರಹದ ದೋಷಕ್ಕೆ ಮಾತ್ರ ಗುರಿಯಾಗುತ್ತಾನೆ. ಟ್ರಸ್ಟಿನ ಕಾರಿನ ಮೇಲೆ ಮಮತೆಯಿಡುವವನು ಅಚೌರ್ಯದಿಂದಲೂ ಜಾರುತ್ತಾನೆ. ಹೋದ ದಾರಿ, ಕಾರಣ, ಎಣ್ಣೆಯ ಖರ್ಚುಗಳನ್ನು ಬರೆದಿಡುವ ಒಂದು ಸಾಧಾರಣ ಪುಸ್ತಕವು ಈ ವಿಷಯದಲ್ಲಿ ದೊಡ್ಡ ಉಪದೇಶಕ್ಕಿಂತ ಹೆಚ್ಚಿನ ಕೆಲಸ ಮಾಡಬಲ್ಲುದು.

ಒಂದು ಮನೆಯ ದೃಷ್ಟಾಂತ

ಪ್ರಶ್ನೆಯು ಅತ್ಯಂತ ಕಠಿನವಾಗುವುದು ಒಡೆಯನು ತೀರಿಕೊಂಡ ಮೇಲೆ. ದೃಷ್ಟಾಂತಕ್ಕಾಗಿ ಕೊಳ್ಳೇಗಾಲದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬಟ್ಟೆ ಅಂಗಡಿಯ ಯಜಮಾನರು ಮಧ್ಯವಯಸ್ಸಿನಲ್ಲಿ ಒಂದು ಪದ್ಮಿನಿಯನ್ನು ಕೊಂಡು, ಕೊನೆಯವರೆಗೂ ಅದನ್ನೇ ಓಡಿಸಿ, ತೀರಿಕೊಂಡಿದ್ದಾರೆ. ಹಿರಿಯ ಮಗ ಬೆಂಗಳೂರಿನಲ್ಲಿದ್ದಾನೆ. ಕಿರಿಯನು ಅಂಗಡಿಯನ್ನು ನೋಡಿಕೊಳ್ಳುತ್ತಾನೆ. ಶೆಡ್ಡಿನ ಜಾಗದಲ್ಲಿ ಉಗ್ರಾಣ ಕಟ್ಟಿಸಬಹುದು, ಗಾಡಿಯನ್ನು ಗುಜರಿಗೆ ಹಾಕೋಣವೆಂದು ಹಿರಿಯನ ಮಾತು. ಅಪ್ಪಾಜಿಯ ಗುರುತಾಗಿ ಉಳಿದಿರುವುದು ಅದೊಂದೇ, ಮುಟ್ಟಕೂಡದೆಂದು ಕಿರಿಯನ ಹಟ. ಅಣ್ಣತಮ್ಮಂದಿರ ನಡುವೆ ಮಾತು ಬೆಳೆದು, ದಶಲಕ್ಷಣ ಪರ್ವಕ್ಕೂ ಹಿರಿಯನು ಊರಿಗೆ ಬಾರದಂತಾಗಿದೆ. ಗಾಡಿಯ ಮೇಲೆ ಹೊದಿಸಿದ ಬಟ್ಟೆಯ ಕೆಳಗೆ ಇಲಿಗಳು ಸೀಟನ್ನು ಕಡಿಯುತ್ತಿವೆ. ತಾಯಿ ಇಬ್ಬರ ಮಾತನ್ನೂ ಕೇಳಿ ಒಂದು ದಿನ ಇಷ್ಟು ಮಾತ್ರ ಹೇಳುತ್ತಾರೆ: “ನಿಮ್ಮಪ್ಪಾಜಿ ಇದ್ದಾಗ ಈ ಗಾಡಿ ಎರಡು ದಿನ ಸುಮ್ಮನೆ ನಿಂತದ್ದುಂಟೇನಪ್ಪಾ? ಕೇರಿಯಲ್ಲಿ ಯಾರಿಗೆ ಜ್ವರ ಬಂದರೂ ಕೀಲಿಕೈ ಕೊಟ್ಟು ಕಳಿಸುತ್ತಿದ್ದರು.”

ತಾಯಿಯ ಈ ಮಾತಿನಲ್ಲಿ ಇಬ್ಬರ ತಪ್ಪೂ ತೋರಿಬರುತ್ತದೆ. ಹಿರಿಯನು ಗಾಡಿಯನ್ನು ಕಬ್ಬಿಣದ ತೂಕವಾಗಿ ಕಂಡನು; ತಂದೆಯ ಜೀವನದ ಒಂದು ಸದ್ಗುಣವು ಅದರ ಮೂಲಕ ಪ್ರಕಟವಾಗುತ್ತಿತ್ತೆಂಬುದನ್ನು ಮರೆತನು. ಕಿರಿಯನು ಗಾಡಿಯನ್ನು ಉಳಿಸಿದನು. ಆದರೆ ಆ ಸದ್ಗುಣವನ್ನು ಉಳಿಸಲಿಲ್ಲ. ತಂದೆಯು ಗಾಡಿಯನ್ನು ಪ್ರೀತಿಸಿದ್ದು ನಿಜ. ಪ್ರತಿ ಭಾನುವಾರ ತಾವೇ ತೊಳೆದು ಒರೆಸುತ್ತಿದ್ದಿರಬಹುದು. ಆದರೂ ಮಧ್ಯರಾತ್ರಿ ಬಾಗಿಲು ತಟ್ಟಿದವನಿಗೆ ಕೀಲಿಕೈ ಕೊಡಲು ಅವರ ಕೈ ಹಿಂಜರಿಯಲಿಲ್ಲ. ಅವರ ಪ್ರೀತಿ ಅಷ್ಟರ ಮಟ್ಟಿಗೆ ಮೂರ್ಛೆಯಾಗಿರಲಿಲ್ಲ. ಅದೇ ಗಾಡಿಯ ನಿಮಿತ್ತವಾಗಿ ಒಡಹುಟ್ಟಿದವರು ಮಾತು ಬಿಟ್ಟರೆ, ಅಲ್ಲಿರುವುದು ಪೂರ್ಣ ಮೂರ್ಛೆಯೇ. ಕೀಲಿಕೈಯನ್ನು ಕೊಡಬಲ್ಲವನೇ ಒಡೆಯ; ಕೊಡಲಾರದವನು ಕಾವಲುಗಾರ.

ಇಂತಹ ಮನೆಗೆ ದಾರಿಗಳು ಹಲವು ಇವೆ. ಗಾಡಿ ಓಡುವ ಸ್ಥಿತಿಯಲ್ಲಿದ್ದರೆ ದುರಸ್ತಿ ಮಾಡಿಸಿ ಬಳಸಬಹುದು; ಹಳೆಯ ಯಂತ್ರವನ್ನು ಬಲ್ಲ ಮೇಸ್ತ್ರಿಗೆ ಕೊಡಬಹುದು; ಪ್ರದರ್ಶನಕ್ಕೆ ಯೋಗ್ಯವಾಗಿದ್ದರೆ ಸಂಗ್ರಹಾಲಯವನ್ನು ವಿಚಾರಿಸಬಹುದು. ಯಾವುದೂ ಆಗದಿದ್ದರೆ ಗುಜರಿಗೆ ಕೊಟ್ಟು, ಬಂದ ಹಣಕ್ಕೆ ತಮ್ಮದನ್ನೂ ಸೇರಿಸಿ, ತಂದೆಯವರ ಹೆಸರಿನಲ್ಲಿ ಬಡ ರೋಗಿಗಳ ಪ್ರಯಾಣಕ್ಕೆ ನೆರವಾಗಬಹುದು. ಈ ಕೊನೆಯ ದಾರಿಯಲ್ಲಿ ಗಾಡಿ ಇಲ್ಲವಾಗುತ್ತದೆ, ಆದರೆ ಅದು ಮಾಡುತ್ತಿದ್ದ ಕೆಲಸ ಮುಂದುವರಿಯುತ್ತದೆ. ಕೃತಜ್ಞತೆಯು ವಸ್ತುವನ್ನು ಬಚ್ಚಿಡುವುದರಿಂದ ಸಲ್ಲುವುದಿಲ್ಲ; ಅದರಿಂದ ಪಡೆದ ಉಪಕಾರವನ್ನು ಮತ್ತೊಬ್ಬರಿಗೆ ದಾಟಿಸುವುದರಿಂದ ಸಲ್ಲುತ್ತದೆ.

ಅಚ್ಚಿಗೆ ಎಣ್ಣೆಯಂತೆ

ದಿಗಂಬರ ಮುನಿಗಳ ಆಹಾರಚರ್ಯೆಗೆ ಹೇಳಿರುವ ಐದು ಹೋಲಿಕೆಗಳಲ್ಲಿ ‘ಅಕ್ಷಮ್ರಕ್ಷಣ’ವೂ ಒಂದು. ರತ್ನಗಳನ್ನು ತುಂಬಿದ ಬಂಡಿಯನ್ನು ಊರು ಮುಟ್ಟಿಸಬೇಕಾದ ವ್ಯಾಪಾರಿಯು ಅದರ ಅಚ್ಚಿಗೆ ಬೇಕಾದಷ್ಟು ಎಣ್ಣೆಯನ್ನು ಹಚ್ಚುವಂತೆ, ಗುಣರತ್ನಗಳನ್ನು ಹೊತ್ತಿರುವ ಈ ಶರೀರವೆಂಬ ಬಂಡಿಗೆ ಮುನಿಯು ಆಹಾರವನ್ನು ಕೊಡುತ್ತಾನೆ. ಆ ವ್ಯಾಪಾರಿಯು ಬಂಡಿಯನ್ನು ಅಲಕ್ಷಿಸುವುದಿಲ್ಲ. ಅಲಕ್ಷಿಸಿದರೆ ಅಚ್ಚು ಮುರಿದು ರತ್ನಗಳು ದಾರಿಯಲ್ಲೇ ಉಳಿಯುತ್ತವೆ. ಆದರೆ ಅವನು ಅಚ್ಚನ್ನು ಪೂಜಿಸುತ್ತ ಕುಳಿತುಕೊಳ್ಳುವುದೂ ಇಲ್ಲ. ಅವನ ಕೈ ಅಚ್ಚಿನ ಮೇಲಿದ್ದರೂ ಕಣ್ಣು ಸೇರಬೇಕಾದ ಊರಿನ ಮೇಲಿರುತ್ತದೆ. ಶರೀರದ ವಿಷಯದಲ್ಲಿಯೇ ಇಂತಹ ನಿಯಮವಿರುವಾಗ, ಶರೀರವನ್ನು ಹೊರುವ ಕಾರಿಗೆ ಬೇರೆ ನಿಯಮವೇಕೆ? ಎಣ್ಣೆ ಹಾಕುವುದು, ತೊಳೆಯುವುದು, ಸವೆದ ಟೈರನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸುವುದು ಪ್ರಮಾದವಿಲ್ಲದ ಗೃಹಸ್ಥನ ಲಕ್ಷಣ. ಒಂದು ಗೀರು ಬಿದ್ದುದಕ್ಕೆ ಪಕ್ಕದ ಮನೆಯ ಮಗುವನ್ನು ಗದರಿದರೆ, ಕೈಯ ಜೊತೆಗೆ ಕಣ್ಣೂ ಅಚ್ಚಿನಲ್ಲಿ ಸಿಕ್ಕಿಕೊಂಡಿತೆಂದು ಅರ್ಥ.

ಶ್ವೇತಾಂಬರ ಸಂಪ್ರದಾಯದ ಕಥೆಯಲ್ಲಿ, ಮೈಗೆ ಬಳ್ಳಿ ಹಬ್ಬುವಷ್ಟು ಕಾಲ ತಪದಲ್ಲಿ ನಿಂತಿದ್ದರೂ ಕೇವಲಜ್ಞಾನ ದೊರೆಯದಿದ್ದ ಬಾಹುಬಲಿಯ ಬಳಿಗೆ ತಂಗಿಯರಾದ ಬ್ರಾಹ್ಮಿ ಮತ್ತು ಸುಂದರಿಯರು ಬಂದು, ಆನೆಯಿಂದ ಇಳಿಯಬೇಕೆಂದು ಅಣ್ಣನಿಗೆ ತಿಳಿಸುತ್ತಾರೆ. ಅಲ್ಲಿ ಯಾವ ಆನೆಯೂ ಇರಲಿಲ್ಲ. ಮಾನಕಷಾಯವೇ ಆ ಆನೆ. ರಾಜ್ಯವನ್ನೂ ಸೈನ್ಯವನ್ನೂ ಬಿಟ್ಟವನಿಗೂ ಇಳಿಯಬೇಕಾದ ವಾಹನವೊಂದು ಉಳಿದಿತ್ತು. ಮನುಷ್ಯನು ಕಾರಿನಿಂದ ಇಳಿಯುವುದು ಸುಲಭ; ಕಾರು ತನಗೆ ತಂದುಕೊಟ್ಟ ಎತ್ತರದಿಂದ ಇಳಿಯುವುದು ಕಷ್ಟ. ವಿಂಧ್ಯಗಿರಿಯ ಬುಡದಲ್ಲಿ ದೊಡ್ಡ ಗಾಡಿಯವನೂ ಬಸ್ಸಿನಲ್ಲಿ ಬಂದವನೂ ಒಂದೇ ರೀತಿ ಪಾದರಕ್ಷೆ ಕಳಚಿ, ಒಂದೇ ಮೆಟ್ಟಿಲುಗಳನ್ನು ಹತ್ತುತ್ತಾರೆ. ಆ ಒಂದು ಗಂಟೆಯ ಸಮತೆಯನ್ನು ಕೆಳಗಿಳಿದ ಮೇಲೆಯೂ ಉಳಿಸಿಕೊಳ್ಳುವುದೇ ಸಾಧನೆ.

ಖಾಸಗಿ ಕಾರಿನ ನೋಂದಣಿಯು ಹದಿನೈದು ವರ್ಷಗಳಿಗೆ ಮುಗಿಯುತ್ತದೆ; ಆ ಬಳಿಕ ಐದು ವರ್ಷಗಳಿಗೊಮ್ಮೆ ನವೀಕರಿಸಬೇಕೆಂಬುದು ಕಾನೂನು. ಗಾಡಿಯು ರಸ್ತೆಗೆ ಯೋಗ್ಯವೇ ಎಂದು ಸರ್ಕಾರ ಕೇಳುವ ಆ ಸಂದರ್ಭದಲ್ಲಿ, ಒಡೆಯನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವಿವೆ. ಇದು ಇನ್ನೂ ಅಗತ್ಯವೇ? ಇದರಿಂದ ಯಾರಿಗೆ ಉಪಕಾರವಾಗುತ್ತಿದೆ? ನಾಳೆ ಇದನ್ನು ಬಿಡಬೇಕಾದರೆ ಮನಸ್ಸು ಶಾಂತವಾಗಿರುವುದೇ? ದಶಲಕ್ಷಣ ಪರ್ವದ ಎಂಟನೆಯ ದಿನ ತ್ಯಾಗವೂ ಒಂಬತ್ತನೆಯ ದಿನ ಆಕಿಂಚನ್ಯವೂ ಬರುತ್ತವೆ. ಮನೆಯಲ್ಲಿ ಎಷ್ಟು ವಾಹನಗಳು ಸಾಕು, ಎಷ್ಟು ದೂರದವರೆಗೆ ನಡೆದೇ ಹೋಗಬಹುದು, ಯಾರು ಕೇಳಿದರೆ ಕೀಲಿಕೈಯನ್ನು ನಿರಾಕರಿಸಬಾರದು ಎಂಬುದನ್ನು ಮನೆಮಂದಿ ಕೂಡಿ ನಿಶ್ಚಯಿಸಲು ಆ ಎರಡು ದಿನಗಳಿಗಿಂತ ಉಚಿತವಾದ ಕಾಲವಿಲ್ಲ. ಹೀಗೆ ಮಿತಿಯನ್ನು ಹಾಕಿಕೊಂಡ ಮೇಲೆ ಉಳಿಯುವ ಪ್ರೀತಿಯು ಯಾರಿಗೂ ಹೊರೆಯಾಗುವುದಿಲ್ಲ. ಗಾಡಿಗೆ ಹೋಗುವ ಕಾಲ ಬಂದಾಗ ಒಡೆಯನು ಅದನ್ನು ಸಮಾಧಾನದಿಂದ ಕಳುಹಿಸಿಕೊಡಬಲ್ಲನು.